ಹಿಮಗುಹೆಯ ತಪಸ್ವಿನಿ

ವಿಕಿ ಮೆಕೆಂಜಿಯವರು 1998ರಲ್ಲಿ ಪ್ರಕಟಿಸಿದ ‘ಕೇವ್ ಇನ್ ದ ಸ್ನೋ’ ಆಂಗ್ಲ ಮಹಿಳೆಯೊಬ್ಬರ ಸಾಧನಾಚರಿತ್ರೆ. ಲಂಡನ್ನಿನ ಡಯಾನ್ ಪೆರಿ 1964ರಲ್ಲಿ ಭಾರತಕ್ಕೆ ಬಂದು, ಟಿಬೆಟ್ಟಿನ ಗುರು ಖಮ್‌ತ್ರುಲ್ ರಿನ್‌ಪೋಚೆಯವರಿಂದ ದೀಕ್ಷೆ ಪಡೆದು ತೆನ್ಜಿನ್ ಪಾಲ್ಮೊ ಆದರು. 1976ರಿಂದ 12 ವರ್ಷ, ಲಾಹೌಲಿನಲ್ಲಿ 13,200 ಅಡಿ ಎತ್ತರದ ಗುಹೆಯೊಂದರಲ್ಲಿ ತಪೋನಿರತರಾದರು. ಕೊನೆಯ 3 ವರ್ಷ ಕಠಿಣ ಏಕಾಂತ.

ಹಿಮಪಾತದಲ್ಲಿ ಗುಹೆ ಹೂತುಹೋದದ್ದು, ಪೆಟ್ಟಿಗೆಯೊಳಗೆ ಕುಳಿತೇ ನಿದ್ರಿಸಿದ್ದು, ಇವನ್ನು ಲೇಖಕಿ ಬಹಳ ರಂಜಕವಾಗಿ ವರ್ಣಿಸಿದ್ದಾರೆ. ನಮ್ಮನ್ನು ಕಲಕಿದ್ದು ಗುಹೆಗೆ ಮುಂಚಿನ ವರ್ಷಗಳು. ಸುಮಾರು ನೂರು ಭಿಕ್ಷುಗಳ ನಡುವೆ ಒಬ್ಬಳೇ ಸಂನ್ಯಾಸಿನಿ. ಹೆಣ್ಣೆಂಬ ಕಾರಣಕ್ಕೆ ಅವರೊಡನೆ ಪಾಠವಿಲ್ಲ, ಅನುಷ್ಠಾನವಿಲ್ಲ. ಸ್ತ್ರೀದೇಹದಲ್ಲಿಯೇ ಬೋಧಿಯನ್ನು ಪಡೆಯುವೆನೆಂಬ ಪ್ರತಿಜ್ಞೆ ಆ ನೋವಿನಲ್ಲಿ ಹುಟ್ಟಿತು. ಮಠದಲ್ಲಿಯೇ ಓದಿ ಬೆಳೆದ ನಮಗೆ ಈ ಪುಟಗಳನ್ನು ಸುಲಭವಾಗಿ ದಾಟಲಾಗಲಿಲ್ಲ.

ಗುಹೆಯಲ್ಲಿ ದೊರೆತ ಅನುಭಾವವೇನೆಂದು ಲೇಖಕಿ ಎಷ್ಟು ಕೆದಕಿದರೂ ಸಾಧಕಿ ಬಾಯಿಬಿಡುವುದಿಲ್ಲ. ಗ್ರಂಥದಲ್ಲಿ ನಾವು ಅತ್ಯಂತ ನಂಬಿದ್ದು ಆ ಮೌನವನ್ನು.

ಗ್ರಂಥ ಬಂದ ಎರಡು ವರ್ಷಕ್ಕೆ, 2000ರಲ್ಲಿ, ಅವರು ಹಿಮಾಚಲದಲ್ಲಿ ಡೋಂಗ್ಯು ಗತ್ಸಲ್ ಲಿಂಗ್ ಎಂಬ ಸಂನ್ಯಾಸಿನಿಯರ ಮಠವನ್ನು ಸ್ಥಾಪಿಸಿದರು. ತಮಗೆ ದೊರೆಯದಿದ್ದ ಶಾಸ್ತ್ರಪಾಠ ಅಲ್ಲಿ ಹೆಣ್ಣುಮಕ್ಕಳಿಗೆ ದೊರೆಯುತ್ತಿದೆ. ಆ ಅಧ್ಯಾಯ ಈ ಗ್ರಂಥದೊಳಗಿಲ್ಲ.