ಬಿಲ್ ವಾರ್ಡ್ ಮರಳಿ ಕೂತ ಸಂಜೆ

ಬ್ಲ್ಯಾಕ್ ಸ್ಯಾಬತ್ ತಂಡಕ್ಕೆ ವಿದಾಯ ಹೇಳಲು ವಿಲ್ಲಾ ಪಾರ್ಕ್‌ಗಿಂತ ಸರಿಯಾದ ಜಾಗ ಇನ್ನೊಂದಿರಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಆ್ಯಸ್ಟನ್ ಬಡಾವಣೆಯ ಈ ಫುಟ್‌ಬಾಲ್ ಮೈದಾನದ ಸುತ್ತಲ ಬೀದಿಗಳಲ್ಲೇ ಅವರು ಬೆಳೆದದ್ದು. ಗಾಯಕ ಆಜಿ ಆಸ್ಬರ್ನ್ ಹುಡುಗನಾಗಿದ್ದಾಗ ಪಂದ್ಯದ ದಿನ ಬಂದವರ ಕಾರು ಕಾದು ಚಿಲ್ಲರೆ ಸಂಪಾದಿಸುತ್ತಿದ್ದನಂತೆ. ಮುಂದೆ ಕಾರ್ಖಾನೆಯಲ್ಲಿ ಕಾರಿನ ಹಾರ್ನ್‌ಗಳ ಶ್ರುತಿ ಸರಿಮಾಡುವ ಕೆಲಸವೂ ಸಿಕ್ಕಿತ್ತು. ಗಿಟಾರಿನ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿದ್ದ. ಹದಿನೇಳರ ವಯಸ್ಸಿನಲ್ಲಿ, ಕೆಲಸ ಬಿಡುವ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳ ತುದಿಗಳು ಹೋದವು. ಎಡಚನಾದ ಅವನಿಗೆ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಕಟ್ಟಿದ. ಮೂರನೆಯ ಆಲ್ಬಮ್ ಹೊತ್ತಿಗೆ ಗಿಟಾರಿನ ಶ್ರುತಿಯನ್ನು ಮೂರು ಅರೆಸ್ವರ ಕೆಳಗಿಳಿಸಿದ. ಹೆವಿ ಮೆಟಲ್‌ನ ಭಾರಕ್ಕೆ ಈ ಸಡಿಲ ತಂತಿಗಳೂ ಕಾರಣ ಎಂಬುದು ಅಭಿಮಾನಿಗಳಿಗೆಲ್ಲ ಬಾಯಿಪಾಠ.

ನನಗೆ ಆ ಕಥೆಗಿಂತ ಪ್ರಿಯವಾದದ್ದು ಡ್ರಮ್ಮು. ನನ್ನ ಪಾಲಿಗೆ ಸ್ಯಾಬತ್ ಎಂದರೆ ಮೊದಲು ಬಿಲ್ ವಾರ್ಡ್.

ಬೆಂಗಳೂರಿನ ಮನೆಯಲ್ಲಿ ಕ್ಯಾಸೆಟ್ಟು ಹಾಕಿಕೊಂಡು ಕೂರುತ್ತಿದ್ದ ಕಾಲದಲ್ಲಿ, ಮೃದಂಗ ನುಡಿಸುತ್ತಿದ್ದ ನಮ್ಮ ಸೋದರಮಾವ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದರು. "ಇವನು ಬರೀ ತಾಳ ಹಾಕ್ತಿಲ್ಲ ಕಣೋ, ಹಾಡಿಗೆ ನುಡಿಸ್ತಿದಾನೆ" ಅಂದರು. ಮಾವನ ಮಾತಿಗೆ ಆಧಾರವಿತ್ತು. ವಾರ್ಡ್ ಜೀನ್ ಕ್ರೂಪಾ, ಬಡ್ಡಿ ರಿಚ್ ಮುಂತಾದ ಜಾಜ್ ವಾದಕರನ್ನು ಕೇಳಿ ಬೆಳೆದವನು. ಅಯೋಮಿಯ ಗಿಟಾರ್ ಒಂದು ಸಾಲು ನುಡಿದು ನಿಂತರೆ ವಾರ್ಡ್ ಅದಕ್ಕೆ ಉತ್ತರ ಕೊಡುತ್ತಾನೆ. ಕೆಲವೆಡೆ ಆ ಸಾಲನ್ನು ಮೊದಲೇ ಊಹಿಸಿ ಎದುರುಗೊಳ್ಳುತ್ತಾನೆ. ಲಯ ಒಂದಿಷ್ಟು ತೂಗುತ್ತದೆ, ಆದರೆ ಬೀಳುವುದಿಲ್ಲ. ಮೊದಲ ಆಲ್ಬಮ್ಮಿನ ಹೆಸರಿನ ಹಾಡನ್ನೇ ನೋಡಿ. ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಪ್ರತಿಮಧ್ಯಮಕ್ಕೆ ಇಳಿದು ಕಂಪಿಸುವುದು, ಇಷ್ಟೇ ಅದರ ಸ್ವರಸಂಚಾರ. ಪಂಚಮದ ನೆಮ್ಮದಿಗೆ ಹೋಗದೆ ಒಂದು ಮೆಟ್ಟಿಲು ಕೆಳಗೇ ನಿಂತುಬಿಡುವ ಆ ಸ್ವರದ ಕೆಳಗೆ ವಾರ್ಡ್ ಬಿಡುವ ಅಂತರ ಎಷ್ಟೊಂದು! ಭಯಾನಕ ರಸ ಹುಟ್ಟುವುದು ಆ ಅಂತರದಲ್ಲಿ.

2012ರಲ್ಲಿ ಕರಾರಿನ ತಕರಾರಿನಿಂದ ವಾರ್ಡ್ ದೂರವಾದ. 2017ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲೇ ನಡೆದ ವಿದಾಯದಲ್ಲೂ ಅವನಿರಲಿಲ್ಲ. ಹಾಗಾಗಿ ಆ ವಿದಾಯವನ್ನು ನನ್ನ ಮನಸ್ಸು ಒಪ್ಪಿರಲಿಲ್ಲ. 2025ರ ಜುಲೈ 5ಕ್ಕೆ ಮೂಲ ತಂಡದ ನಾಲ್ವರೂ ಇಪ್ಪತ್ತು ವರ್ಷಗಳ ನಂತರ ಒಟ್ಟಿಗೆ ನುಡಿಸುತ್ತಾರೆ ಎಂದು ತಿಳಿದಾಗ, ಹೋಗದೆ ಇರಲು ಸಾಧ್ಯವಾಗಲಿಲ್ಲ.

ಅಂದು ಮಧ್ಯಾಹ್ನದಿಂದಲೇ ತಿರುಗುವ ವೇದಿಕೆಯ ಮೇಲೆ ಒಂದರ ಹಿಂದೊಂದು ತಂಡ. ಪ್ರತಿಯೊಬ್ಬರೂ ತಮ್ಮ ಹಾಡಿನ ಜೊತೆಗೆ ಸ್ಯಾಬತ್‌ನದನ್ನೋ ಆಜಿಯದನ್ನೋ ಹಾಡಬೇಕು ಎಂಬ ಏರ್ಪಾಡು. ಸ್ಲೇಯರ್, ಟೂಲ್, ಆ್ಯಂಥ್ರಾಕ್ಸ್, ಗನ್ಸ್ ಎನ್ ರೋಸಸ್. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನವನ್ನು ನಡುಗಿಸಿದ್ದ ಮೆಟಾಲಿಕಾ ಇಲ್ಲಿ 'ಹೋಲ್ ಇನ್ ದ ಸ್ಕೈ' ಎತ್ತಿಕೊಂಡಿತು. ಪ್ಯಾಂಟೆರಾ ನುಡಿಸಿದ 'ಪ್ಲಾನೆಟ್ ಕ್ಯಾರವಾನ್' ನನಗೆ ಹಗಲಿನ ಅತ್ಯಂತ ರಸವತ್ತಾದ ಗಳಿಗೆ. ಅಬ್ಬರದ ತಂಡವೊಂದು ಇಷ್ಟು ಮೃದುವಾಗಬಲ್ಲದು! 'ಸಿಂಪ್ಟಮ್ ಆಫ್ ದ ಯೂನಿವರ್ಸ್' ಹಾಡಿಗೆ ಟ್ರಾವಿಸ್ ಬಾರ್ಕರ್, ಚಾಡ್ ಸ್ಮಿತ್, ಡ್ಯಾನಿ ಕ್ಯಾರಿ ಮೂವರೂ ಡ್ರಮ್ಮಿನ ಪೈಪೋಟಿಗೆ ಕೂತರು. ಕೈಚಳಕಕ್ಕೆ ಕೊರತೆಯೇ ಇಲ್ಲ. ಆದರೂ ಹೇಳಬೇಕು: ಶಿಷ್ಯರೆಲ್ಲ ಗುರುವಿಗಿಂತ ಬಿಗಿಯಾಗಿ, ಗುರುವಿಗಿಂತ ಜೋರಾಗಿ ನುಡಿಸಿದರು. ಆ ತೂಗಾಟ ಮಾತ್ರ ಯಾರಲ್ಲೂ ಬರಲಿಲ್ಲ.

ಕತ್ತಲಾಗುವ ಹೊತ್ತಿಗೆ ಆಜಿ ಕರಿಯ ಸಿಂಹಾಸನದಲ್ಲಿ ಕೂತೇ ವೇದಿಕೆಗೆ ಬಂದ. ಪಾರ್ಕಿನ್ಸನ್ ಕಾಯಿಲೆ ಅವನ ಕಾಲುಗಳನ್ನು ಕಸಿದಿತ್ತು. ಕಣ್ಣು, ಕೈ, ಚಪ್ಪಾಳೆ, ಆ ಕಿಡಿಗೇಡಿ ನಗು ಯಾವುದೂ ಹೋಗಿರಲಿಲ್ಲ. ಆರು ವರ್ಷ ಹಾಸಿಗೆ ಹಿಡಿದಿದ್ದೆ, ನನಗೀಗ ಹೇಗನಿಸುತ್ತಿದೆ ಎಂದು ನಿಮಗೆ ಗೊತ್ತಾಗದು ಎಂದ. ಮೊದಲು ತನ್ನ ಸ್ವಂತ ತಂಡದೊಂದಿಗೆ ಐದು ಹಾಡು. 'ಮಾಮಾ, ಐಯಾಮ್ ಕಮಿಂಗ್ ಹೋಮ್' ಹಾಡುವಾಗ ಕಂಠ ನಡುಗಿತು, ಸ್ವರ ಅಲ್ಲಲ್ಲಿ ಜಾರಿತು. ಹಾಗೆ ಜಾರಿದ ಸ್ವರವನ್ನು ಮೈದಾನ ತುಂಬಿದ್ದ ಜನ ತಮ್ಮ ದನಿಯಿಂದ ಎತ್ತಿ ಹಿಡಿದರು. ನನ್ನ ಪಕ್ಕದ ದೊಡ್ಡ ಗಡ್ಡದವನು ಕಣ್ಣೀರು ಒರೆಸಿಕೊಳ್ಳದೆ ಹಾಡುತ್ತಿದ್ದ. ನಾನೂ ಹಾಗೇ ಇದ್ದೆ.

ಆಮೇಲೆ ಸ್ಯಾಬತ್. ವಾಯುದಾಳಿಯ ಸೈರನ್ ಮೊಳಗಿತು, 'ವಾರ್ ಪಿಗ್ಸ್'. ಈ ಹಾಡಿನ ಕಟ್ಟೋಣ ಬಲ್ಲವರಿಗೆ ಮುಂದಿನದು ಎಂಥ ಗಳಿಗೆ ಎಂದು ಗೊತ್ತು. ನಿಧಾನವಾದ, ಭಾರವಾದ ಪೀಠಿಕೆ ಮುಗಿದ ಮೇಲೆ ಗಿಟಾರು, ಬಾಸು ಎರಡೇ ಹೊಡೆತ ಕೊಟ್ಟು ಸುಮ್ಮನಾಗುತ್ತವೆ. ಉಳಿಯುವುದು ವಾರ್ಡನ ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್ಲಿನ ಸದ್ದೊಂದೇ. ಆ ಬಯಲಿನಲ್ಲಿ ಆಜಿಯ ಕಂಠ ಒಂಟಿಯಾಗಿ ನಡೆಯಬೇಕು. ಅಂದು ಒಂಟಿಯಾಗಿರಲಿಲ್ಲ, ಸಾವಿರಾರು ಜನ ಒಂದೊಂದು ಅಕ್ಷರ ಬಿಡದೆ ಜೊತೆಗೆ ನಡೆದರು. ಎಪ್ಪತ್ತೇಳರ ವಾರ್ಡ್ ಅಂಗಿ ಕಳಚಿ, ಬರಿಮೈಯಲ್ಲಿ, ನಮ್ಮೆಲ್ಲರಿಗೂ ಅದೇ ಸಿಂಬಲ್ಲಿನ ಮೇಲೆ ದಾರಿ ತೋರಿಸುತ್ತಿದ್ದ. ಹಳೆಯ ರೆಕಾರ್ಡಿನ ವೇಗ ಇರಲಿಲ್ಲ. ವೇಗ ಕಡಿಮೆಯಾದ್ದರಿಂದ ಹೊಡೆತ ಹೊಡೆತದ ನಡುವಿನ ಜಾಗ ಇನ್ನೂ ಅಗಲವಾಗಿ, ಹಾಡು ಇನ್ನಷ್ಟು ಘನವಾಗಿ ಕೇಳಿಸಿತು ಎಂದೇ ನನ್ನ ಅನಿಸಿಕೆ.

'ಎನ್.ಐ.ಬಿ.'ಯಲ್ಲಿ ಗೀಜರ್ ಬಟ್ಲರ್‌ನ ಬಾಸ್ ಒಂಟಿಯಾಗಿ ಎದ್ದು ನಿಂತಿತು. ತಂಡದ ಹೆಚ್ಚಿನ ಸಾಹಿತ್ಯ ಬರೆದವನು ಈತನೇ, ಆದರೆ ಅವನು ಮಾತಾಡುವುದು ಬೆರಳಲ್ಲಿ. 'ಐರನ್ ಮ್ಯಾನ್' ಶುರುವಾಗುವುದು ಬಾಸ್ ಡ್ರಮ್ಮಿನ ಬರೀ ಹೆಜ್ಜೆಸದ್ದಿನಿಂದ. ಆ ಹೆಜ್ಜೆಗಳು ಎದೆಗೆ ತಾಗಿದಾಗ, 2017ರಲ್ಲಿ ಇಲ್ಲದ್ದು ಇದೇ ಎಂದು ಮೈ ಜುಂ ಎಂದಿತು. ಅದರ ಮೇಲೆ ಅಯೋಮಿ ತಂತಿ ಬಗ್ಗಿಸಿ ತೆಗೆಯುವ ನರಳಿಕೆ, ಆಮೇಲೆ ಗಿಟಾರಿನ ಸಾಲನ್ನೇ ಸ್ವರಕ್ಕೆ ಸ್ವರ ಹಿಡಿದು ಹಾಡುವ ಕಂಠ. ಎಷ್ಟು ಸರಳ ಉಪಾಯ, ಎಂಥ ಗಾಢ ಪರಿಣಾಮ!

ಕೊನೆಗೆ 'ಪ್ಯಾರನಾಯ್ಡ್'. 1970ರಲ್ಲಿ ಆಲ್ಬಮ್ಮಿನ ಉದ್ದ ಸಾಲದೆಂದು ಗಡಿಬಿಡಿಯಲ್ಲಿ ಹೊಸೆದ ಹಾಡು ಅವರ ಹೆಸರನ್ನೇ ಹೊತ್ತು ಜಗತ್ತು ಸುತ್ತಿತು. ಅಂದು ಅದು ಮುಗಿದದ್ದೇ ಗೊತ್ತಾಗಲಿಲ್ಲ. ನಾಲ್ಕೇ ಹಾಡಿಗೆ ಸ್ಯಾಬತ್ ಎದ್ದು ಹೋಯಿತೆಂದು ಕೆಲವರು ಗೊಣಗಿದರು. ನನಗೆ ನಾಲ್ಕೂ ತುಂಬಿದ ಬಟ್ಟಲು.

ಹದಿನೇಳು ದಿನಗಳ ನಂತರ, ಜುಲೈ 22ರಂದು, ಆಜಿ ತೀರಿಕೊಂಡ. ಆಗಿನಿಂದ 'ವಾರ್ ಪಿಗ್ಸ್' ಹಾಕಿದಾಗ ನಾನು ಗಿಟಾರನ್ನು ಬಿಟ್ಟು ಹೈ-ಹ್ಯಾಟ್ ಹಿಡಿದು ಹೋಗುತ್ತೇನೆ. ಎರಡನೆಯ ಚರಣದಲ್ಲಿ ವಾರ್ಡ್ ಮೊದಲನೆಯದನ್ನು ಹಾಗೇ ಮರಳಿ ನುಡಿಸುವುದಿಲ್ಲ, ಗಮನಿಸಿ ಕೇಳಿ.