ಕಾಯಕತತ್ತ್ವ ಮತ್ತು ನಾಡಿನ ಆಡಳಿತ

ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿಯು 2002ರಲ್ಲಿ ಸಲ್ಲಿಸಿದ ಪ್ರಾದೇಶಿಕ ಅಸಮತೋಲನದ ವರದಿಯು ಕನ್ನಡ ನಾಡಿನ ಆತ್ಮಪರೀಕ್ಷೆಯ ಗ್ರಂಥವೆನ್ನಬಹುದು. 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವೆಂದು ಅದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. ಕಾಯಕ-ದಾಸೋಹಗಳು ರೂಪುಗೊಂಡ ಬಸವಕಲ್ಯಾಣವಿರುವುದೂ ಆ ವಿಭಾಗದಲ್ಲಿಯೇ ಎಂಬುದು ವಿಚಾರಾರ್ಹ.

ಆಸ್ಪತ್ರೆಗಳಿಗೂ ವ್ಯಾಪಾರಕ್ಕೂ ಹೆಸರಾದ ಮಂಗಳೂರಿನ ಫಳ್ನೀರಿನಲ್ಲಿ ಈ ವರದಿಯನ್ನೋದುವವರಿಗೆ, ಕರಾವಳಿಯ ಏಳಿಗೆಗೆ ಅಲ್ಲಿಯ ಜನರ ದುಡಿಮೆಯೊಂದೇ ಕಾರಣವೆಂದು ತೋರಬಹುದು. ಆದರೆ ರಾಯಚೂರಿನ ರೈತನು ದುಡಿಮೆಯಲ್ಲಿ ಯಾರಿಗೂ ಕಡಿಮೆಯವನಲ್ಲ. ಮಂಗಳೂರಿನಲ್ಲಿ 1906ರಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ, 1931ರಲ್ಲಿ ವಿಜಯಾ ಬ್ಯಾಂಕುಗಳು ಹುಟ್ಟಿದವು. ಲೆಕ್ಕದ ಮೇಲಿನ ನಂಬಿಕೆಯೇ ಅವುಗಳ ಮೂಲಧನ. ಅದೇ ಕಾಲದಲ್ಲಿ ಕಲ್ಯಾಣದ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದು, 1948ರವರೆಗೆ ಪ್ರಜೆಯ ನುಡಿ ಕನ್ನಡವಾದರೆ ಕಚೇರಿಯ ನುಡಿ ಉರ್ದುವಾಗಿತ್ತು. ತನ್ನ ಅಹವಾಲನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳಲಾಗದ ಪ್ರಜೆಗೆ ಆಡಳಿತವು ದೂರದ ವಸ್ತುವಾಗಿಯೇ ಉಳಿಯುತ್ತದೆ.

ವರದಿಯು ಸೂಚಿಸಿದ ಮುಖ್ಯ ಪರಿಹಾರವು ಎಂಟು ವರ್ಷಗಳ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆ. ಧನವು ಅವಶ್ಯವೆಂಬುದು ನಿರ್ವಿವಾದ. ಆದರೆ ಶಾಲೆ, ರಸ್ತೆ, ಹಾಸಿಗೆಗಳನ್ನು ಎಣಿಸುವ ತಕ್ಕಡಿಯು, ಪಾಠ ಹೊತ್ತಿಗೆ ಸರಿಯಾಗಿ ನಡೆಯಿತೇ, ಕೆರೆಯ ಹೂಳೆತ್ತಿದ ಲೆಕ್ಕ ಪ್ರಾಮಾಣಿಕವೇ ಎಂಬುದನ್ನು ತೂಗಲಾರದು. ಸಂಪತ್ತು ಬಂದರೆ ಸದಾಡಳಿತವು ತಾನಾಗಿ ಬರುವುದೆಂಬ ವಾದವೂ ಉಂಟು. ಸೋರುವ ಕೊಡಕ್ಕೆ ನೀರು ಹೆಚ್ಚು ಸುರಿದ ಮಾತ್ರಕ್ಕೆ ತೂತು ಮುಚ್ಚದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಸ್ಮರಣೀಯ. ಬಸವಣ್ಣನವರ ಮಹಾಮನೆಯ ಅಂಗಳದಿಂದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಆಕೆ ಅದನ್ನು ಹಿಂದಿರುಗಿಸಲು ಹೇಳಿದಳು. ಇದನ್ನು ವೈರಾಗ್ಯದ ದೃಷ್ಟಾಂತವಾಗಿ ವಿವರಿಸುವುದು ವಾಡಿಕೆ. ಆದರೆ ಆ ಅಕ್ಕಿ ದಾಸೋಹದ ಸೊತ್ತು, ಸಮಷ್ಟಿಯದು. ಆದ್ದರಿಂದ ಇದು ಭಂಡಾರದ ನೀತಿಯೂ ಹೌದು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಪರಿಸರದಲ್ಲಿ ಈ ನೀತಿ ಬೆಳೆದದ್ದು ಆಕಸ್ಮಿಕವಲ್ಲ. ಕಾಯಕವು ದುಡಿಯುವ ಬಡವನಿಗಷ್ಟೇ ವಿಧಿಸಿದ ನಿಯಮವಲ್ಲ, ಹಂಚುವ ಅಧಿಕಾರಿಗೂ ಅದೇ ನಿಯಮ. ಇಂದಿನ ವಚನವ್ಯಾಖ್ಯಾನಗಳಲ್ಲಿ ಈ ಎರಡನೆಯ ಅರ್ಥವು ಮಸುಕಾಗಿದೆ.

2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ ಈ ಪ್ರದೇಶಕ್ಕೆ 371ಜೆ ವಿಧಿಯ ವಿಶೇಷ ಸ್ಥಾನ ದೊರೆಯಿತು. 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂದಿತು. ವ್ಯಯವಾದ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನೂ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವಂತಾದಾಗ ಮಾತ್ರ ಆ ಹೆಸರು ಸಾರ್ಥಕವಾದೀತು.