ಗುರುತನ್ನೋದುವ ಯಂತ್ರವೂ ಕನ್ನಡದ ಪರೀಕ್ಷೆಯೂ

ವಿದ್ಯಾರ್ಥಿಯು ಕಾಗದದ ಮೇಲೆ ತುಂಬಿದ ಚೌಕಗಳನ್ನು ಸಾಧಾರಣ ಸ್ಕ್ಯಾನರಿನಿಂದಲೇ ಓದಿ ಅಂಕ ಹಾಕುವ ತಂತ್ರಾಂಶಗಳು ಈಗ ವೆಚ್ಚವಿಲ್ಲದೆ ದೊರೆಯುತ್ತಿವೆ. ಅವುಗಳಲ್ಲಿ ಫ್ರಾನ್ಸಿನ ಅಲೆಕ್ಸಿ ಬಿಯಾಂವೆನ್ಯೂ ಅವರು ರಚಿಸಿದ ‘ಆಟೋ ಮಲ್ಟಿಪಲ್ ಚಾಯ್ಸ್’ ಎಂಬುದನ್ನು ಕನ್ನಡ ಕಲಿಸುವವರ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಈ ವಿದ್ಯೆಗೆ ದಾರಿ ತೆರೆದವರಲ್ಲಿ ನಮ್ಮ ವೃತ್ತಿಯವನೇ ಒಬ್ಬನುಂಟು. ಅಮೆರಿಕದ ಮಿಚಿಗನ್ ಪ್ರಾಂತದ ಹೈಸ್ಕೂಲು ಉಪಾಧ್ಯಾಯ ರೆನಾಲ್ಡ್ ಜಾನ್ಸನ್, ಪೆನ್ಸಿಲಿನ ಗುರುತಿನಲ್ಲಿ ವಿದ್ಯುತ್ತು ಹರಿಯುವುದೆಂಬುದನ್ನೇ ಆಧಾರವಾಗಿ ಹಿಡಿದು ಯಂತ್ರ ಕಟ್ಟಿದನು, 1938ರಲ್ಲಿ ಐ.ಬಿ.ಎಂ. ಸಂಸ್ಥೆಯು ಅದನ್ನು 805 ಎಂಬ ಸಂಖ್ಯೆಯಿಂದ ಹೊರತಂದಿತು. ಇಂದಿನ ತಂತ್ರಾಂಶಕ್ಕೆ ವಿದ್ಯುತ್ತಲ್ಲ, ಕಪ್ಪು ಬೇಕು. ಹಾಳೆಯ ನಾಲ್ಕು ಮೂಲೆಗಳ ಬೊಟ್ಟುಗಳನ್ನು ಕಂಡು, ವಾಲಿದ ಚಿತ್ರವನ್ನು ನೆಟ್ಟಗೆ ಮಾಡಿಕೊಂಡು, ಪ್ರತಿ ಚೌಕದಲ್ಲಿ ಕಪ್ಪಾದ ಭಾಗವೆಷ್ಟೆಂದು ಎಣಿಸುತ್ತದೆ. ಮಿತಿಯನ್ನು ನಾವೇ ಏರಿಳಿಸಬಹುದು. ಸಂದೇಹ ಬಂದ ಹಾಳೆಯನ್ನು ಕಣ್ಣಾರೆ ನೋಡಿ ತಿದ್ದಬಹುದು. ಇದು ದೊಡ್ಡ ಗುಣ. ಸೋಲೂರಿನ ಮಳೆಯಲ್ಲಿ ತೇವ ಹಿಡಿದು ಸುಕ್ಕಾದ ತೆಳು ಹಾಳೆಗೆ ಮಾತ್ರ ಈ ಉಪಾಯವು ಸಾಲದು.

ಆದರೆ ಯಂತ್ರವು ಓದುವುದು ಕಪ್ಪನ್ನು, ಉತ್ತರವನ್ನಲ್ಲ. ‘ಹಟ್ಟಿ ಎಂದರೇನು?’ ಎಂದು ಕೇಳಿ, ಕೊಟ್ಟಿಗೆ, ಊರು, ಹೊಲ, ಬಾವಿ ಎಂದು ನಾಲ್ಕು ಚೌಕ ಕೊಟ್ಟೆವೆನ್ನೋಣ. ಕಾಸರಗೋಡಿನ ಹುಡುಗನಿಗೆ ಹಟ್ಟಿ ದನ ಕಟ್ಟುವ ಕೊಟ್ಟಿಗೆ. ಬಡಗ ಮಾತಾಡುವ ನಮ್ಮ ಹುಡುಗಿಗೆ ಹಟ್ಟಿ ಎಂದರೆ ತನ್ನ ಊರೇ. ಚಿತ್ರದುರ್ಗದ ಕಡೆಯ ಗೊಲ್ಲರಹಟ್ಟಿಯೂ ಜನ ವಾಸಿಸುವ ನೆಲೆಯಲ್ಲವೆ? ಉತ್ತರಸೂಚಿಯಲ್ಲಿ ‘ಕೊಟ್ಟಿಗೆ’ ಎಂದಿದ್ದರೆ ನಮ್ಮವಳಿಗೆ ಸೊನ್ನೆ. ಗಡಿನಾಡ ಕನ್ನಡಿಗರೆಂದು ಕರ್ನಾಟಕದ ವೃತ್ತಿಶಿಕ್ಷಣಕ್ಕೆ ಸೇರಬಯಸುವವರು ಪರೀಕ್ಷಾ ಪ್ರಾಧಿಕಾರದ ಭಾಷಾ ಪರೀಕ್ಷೆಯಲ್ಲಿ 50ಕ್ಕೆ ಕನಿಷ್ಠ 12 ಅಂಕ ಪಡೆಯಬೇಕೆಂಬ ನಿಯಮವನ್ನು ಬಲ್ಲ ನಮಗೆ, ಒಂದೊಂದು ಅಂಕವೂ ಹಗುರವಲ್ಲ.

ಇದು ತಂತ್ರಾಂಶದ ದೋಷವೆನ್ನಲಾಗದು, ಪ್ರಶ್ನೆ ಮಾಡಿದವನದು. ಒಂದಕ್ಕಿಂತ ಹೆಚ್ಚು ಸರಿಯುತ್ತರಗಳನ್ನು ಒಪ್ಪುವ ಏರ್ಪಾಡು ಇದರಲ್ಲಿಯೇ ಇದೆ. ಯಾವ ಹುಡುಗ ಯಾವ ಚೌಕ ತುಂಬಿದನೆಂಬುದೂ ಪಟ್ಟಿಯಾಗಿ ಬರುತ್ತದೆ. ಒಂದು ಊರಿನ ಮಕ್ಕಳೆಲ್ಲ ಒಂದೇ ‘ತಪ್ಪ’ನ್ನು ಮಾಡಿದ್ದರೆ ಅದು ತಪ್ಪಲ್ಲ, ಆ ಊರಿನ ನುಡಿ, ಪದಸಂಗ್ರಹ ಮಾಡುವವರಿಗೆ ಇಂಥ ಪಟ್ಟಿ ಬಹು ಉಪಯುಕ್ತ. ಕೆಲವರು ಅಂಕಗಳ ಮೊತ್ತವನ್ನಷ್ಟೇ ನೋಡಿ ಪಟ್ಟಿಯನ್ನು ಮೂಲೆಗೆ ಹಾಕುವುದು ನಮಗೆ ಸರಿಕಾಣದು.

ಇನ್ನೊಂದು ಸೌಕರ್ಯವನ್ನು ಹೇಳಬೇಕು. ಹಾಳೆಯಲ್ಲಿ ಬರೆಯುವುದಕ್ಕೆ ಜಾಗ ಬಿಟ್ಟು, ಪಕ್ಕದಲ್ಲಿ ಉಪಾಧ್ಯಾಯರಿಗಾಗಿಯೇ ಕೆಲವು ಚೌಕಗಳನ್ನು ಇಡಬಹುದು. ಮಗು ವಾಕ್ಯ ಬರೆಯುತ್ತದೆ; ನಾವು ಅದನ್ನು ಓದಿ ತಕ್ಕ ಚೌಕ ತುಂಬುತ್ತೇವೆ; ಕೂಡುವ ಕೆಲಸ ಯಂತ್ರದ್ದು. ಕನ್ನಡದ ಪತ್ರಿಕೆಯಲ್ಲಿ ಇಂಥ ಪ್ರಶ್ನೆಗಳು ಅರ್ಧದಷ್ಟಾದರೂ ಇರತಕ್ಕದ್ದೆಂದು ನಮ್ಮ ಅಭಿಪ್ರಾಯ.